ಕರೆಯುವ ಚಿಟ್ಟೆ

"ಬುದ್ಧಿ, ಊರಿಗೆ ಊರೇ ಓಡಿಹೋಗುವ ಕಡೆ ಸತ್ಯ ಇರಲೇಬೇಕಲ್ಲವೇ?"

ಕೇಳಿದವನು ಮಠದ ಶಿಷ್ಯ ಮರಿಸಿದ್ದ. ಹೊಳೆಯಾಚೆ ಹೊಸ ಬೋಧಕರೊಬ್ಬರು ಬಂದಿದ್ದರು. ಮರಿಸಿದ್ದ ಹಿಂದಿನ ದಿನ ಹೋಗಿ ಅವರ ಮಾತು ಕೇಳಿ ಬಂದಿದ್ದ. ಬೆಳಗಾದಾಗಿನಿಂದ ಅವನು ನಿಂತಲ್ಲಿ ನಿಲ್ಲಲಿಲ್ಲ. ಮಠದ ಅಡುಗೆಯವರು, ಹಸು ನೋಡಿಕೊಳ್ಳುವವರು, ಜೊತೆಯ ಶಿಷ್ಯರು, ಎಲ್ಲರನ್ನೂ ಹೊಳೆಯಾಚೆಗೆ ಹೊರಡಿಸಿದ್ದ. ಗಂಟುಮೂಟೆ ಅಂಗಳಕ್ಕೆ ಬಂದಿತ್ತು. ಗುರುಗಳೂ ಎದ್ದರೆ ಮಠಕ್ಕೆ ಬೀಗ ಹಾಕುವುದೊಂದೇ ಬಾಕಿ.

ಗುರುಗಳು ನಕ್ಕರು. "ಹೊರಡೋಣವಂತೆ. ದೋಣಿ ಬರುವವರೆಗೆ ಒಂದು ಕತೆ ಕೇಳು" ಎಂದು ಶುರುಮಾಡಿದರು.

ಒಬ್ಬ ರೈತನಿದ್ದ. ರೇಷ್ಮೆಯ ಬಿತ್ತನೆ ಮಾಡುವವನು. ಬೇರೆಯವರು ಗೂಡು ಬೇಯಿಸಿ ನೂಲು ತೆಗೆದರೆ, ಇವನು ಗೂಡಿನಿಂದ ಚಿಟ್ಟೆ ಹೊರಬರಲು ಬಿಟ್ಟು, ಗಂಡು ಹೆಣ್ಣು ಕೂಡಿಸಿ, ಕಾಗದದ ಮೇಲೆ ಮೊಟ್ಟೆ ಇಡಿಸಿ ಊರಿಗೆಲ್ಲ ಕೊಡುತ್ತಿದ್ದ. ಇವನು ಮೊಟ್ಟೆ ಕೊಟ್ಟರೆ ಊರಿಗೆ ಬೆಳೆ. ಇಲ್ಲವಾದರೆ ಹಿಪ್ಪುನೇರಳೆ ಸೊಪ್ಪೆಲ್ಲ ದನಗಳ ಪಾಲು.

ರೇಷ್ಮೆಯ ಹೆಣ್ಣು ಚಿಟ್ಟೆ ಹಾರುವುದಿಲ್ಲ. ಕುಳಿತಲ್ಲೇ ಕಂಪು ಬೀರಿ ಗಂಡನ್ನು ಕರೆಯುತ್ತದೆ, ಕೂಡಿದ ಮೇಲೆ ಸುಮ್ಮನಾಗುತ್ತದೆ. ಒಂದು ಸಲ ತಟ್ಟೆಯಲ್ಲಿದ್ದ ಒಂದೇ ಒಂದು ಹೆಣ್ಣಿನ ಕಡೆಗೆ ಗಂಡುಗಳೆಲ್ಲ ನುಗ್ಗಿದವು. ಒಂದು ಬಿಟ್ಟರೆ ಇನ್ನೊಂದು. ಆದರೂ ಆ ಹೆಣ್ಣು ಕರೆಯುವುದನ್ನು ನಿಲ್ಲಿಸಲಿಲ್ಲ. ರೈತ ಹಿಗ್ಗಿ ಹೀರೇಕಾಯಿಯಾದ. ಇಂಥ ತಳಿಯನ್ನು ತನ್ನ ತಾತನೂ ಕಂಡಿರಲಾರ ಎಂದುಕೊಂಡ.

ಅವನ ಹೆಂಡತಿ ಕಾಗದ ನೋಡಿದಳು. "ಕರೆದಿದ್ದೇ ಬಂತು, ಒಂದು ಮೊಟ್ಟೆನೂ ಇಟ್ಟಿಲ್ಲ ಕಣ್ರೀ. ಬಾಲದ ತುದೀಲಿ ಮೇಣದ ಹಾಗೆ ಏನೋ ಮೆತ್ಕೊಂಡಿದೆ. ಎತ್ತಿ ಸುಟ್ಬಿಡಿ" ಎಂದಳು.

"ಸುಡೋದಾ! ಅದರ ಮೈಮೇಲೆ ಅದೃಷ್ಟ ಕೂತಿದೆ ಕಣೇ. ಅದನ್ನ ಮುಟ್ಟಿದ ಗಂಡುಗಳಿಗೂ ಅಂಟಿರುತ್ತೆ" ಎಂದ ರೈತ.

ಗಂಡು ಕಡಿಮೆ ಬಿದ್ದಾಗ ಒಮ್ಮೆ ಕೂಡಿದ್ದನ್ನೇ ಬಿಡಿಸಿ ಇನ್ನೊಂದು ಹೆಣ್ಣಿಗೆ ಬಿಡುವುದು ಬಿತ್ತನೆಯವರ ರೂಢಿ. ಇವನಿಗೆ ಕಡಿಮೆಯೇನೂ ಬಿದ್ದಿರಲಿಲ್ಲ. ಆದರೂ ಆ ಗಂಡುಗಳನ್ನೇ ಆರಿಸಿ ಆರಿಸಿ ಎಲ್ಲ ತಟ್ಟೆಗಳಿಗೂ ಬಿಟ್ಟ. ಉಳಿದ ಹೆಣ್ಣುಗಳು ಚೆನ್ನಾಗಿಯೇ ಮೊಟ್ಟೆಯಿಟ್ಟವು. "ಈಗೇನಂತೀಯ?" ಎಂದು ಹೆಂಡತಿಯನ್ನು ಛೇಡಿಸಿದ. ಆ ಮೊಟ್ಟೆಗಳನ್ನೇ ಮುಂದಿನ ಬಿತ್ತನೆಗೆ ಸಾಕಿದ.

ಅವು ಹುಳುವಾಗಿ, ಗೂಡು ಕಟ್ಟಿ, ಚಿಟ್ಟೆಯಾಗಿ ಹೊರಬಂದ ದಿನ ಮನೆಗೆ ಮನೆಯೇ ಭೋರ್ಗರೆಯಿತು! ಪ್ರತಿಯೊಂದು ಹೆಣ್ಣೂ ಕರೆಯುತ್ತಿದೆ. ಗಂಡುಗಳು ಒಂದರ ಮೇಲೊಂದು ಬಿದ್ದು ರೆಕ್ಕೆ ಬಡಿಯುತ್ತಿವೆ. ರೈತ "ಬನ್ರೋ, ನೋಡ್ ಬನ್ರೋ" ಎಂದು ಬೀದಿಬೀದಿಯಲ್ಲಿ ಕೂಗಿದ. ಊರು ಕೆಲಸ ಬಿಟ್ಟು ಬಂತು. ಒಳಗೆ ಚಿಟ್ಟೆ ಕುಣಿದವು, ಹೊರಗೆ ಜನ ಕುಣಿದರು. ಎಂಥ ಸಂಭ್ರಮ, ಮರಿಸಿದ್ದ! ನಾನು ಆ ದಾರಿಯಲ್ಲಿ ಹೋಗಿದ್ದರೆ ನಾನೂ ಎರಡು ಹೆಜ್ಜೆ ಹಾಕುತ್ತಿದ್ದೆ.

ಸದ್ದು ಅಡಗಿದ ಮೇಲೆ ಕಾಗದ ಎತ್ತಿದರು. ಬಿಳಿ ಕಾಗದ ಬಿಳಿಯಾಗಿಯೇ ಇತ್ತು. ಹೆಂಡತಿ ಒಂದು ಚಿಟ್ಟೆಯ ಹೊಟ್ಟೆ ಸೀಳಿ ತೋರಿಸಿದಳು. ಮೊಟ್ಟೆ ಇರಬೇಕಾದ ಜಾಗದಲ್ಲಿ ಬರೀ ಬೇನೆಯ ಗಂಟು. ಆ ಗಂಡುಗಳು ಹೊತ್ತು ತಂದ ಬೇನೆ ಹೋದ ಸಲದ ಮೊಟ್ಟೆಗಳೊಳಗೇ ಸೇರಿ ಬಂದಿತ್ತು.

ಆ ಬೇನೆಗೆ ಕಾಲಿಲ್ಲ, ರೆಕ್ಕೆಯಿಲ್ಲ. ಒಂದು ಮೈಯಿಂದ ಇನ್ನೊಂದು ಮೈಗೆ ಹೋಗಲು ಅದಕ್ಕೆ ಕೂಟವೊಂದೇ ದಾರಿ. ಅದಕ್ಕೇ ಅದು ಮೊಟ್ಟೆಯನ್ನು ತಿಂದು ಕಂಪನ್ನು ಮಾತ್ರ ಉಳಿಸಿ ಬೆಳೆಸಿತ್ತು. ಅಷ್ಟು ಜೋರಾಗಿ ಕರೆದದ್ದು ಚಿಟ್ಟೆಯಲ್ಲ. ಆ ಸಲ ಊರಿನ ಸೊಪ್ಪನ್ನೆಲ್ಲ ದನಗಳು ತಿಂದವು.

ಕತೆ ಮುಗಿಯುವಷ್ಟರಲ್ಲಿ ಮರಿಸಿದ್ದನ ಮುಖ ಕೆಂಪೇರಿತ್ತು. "ಹಾಗಾದರೆ ಆ ಬೋಧಕರು ಸುಳ್ಳು ಅಂತೀರಾ, ಬುದ್ಧಿ?"

"ನಾನು ಅವರನ್ನು ಕಂಡವನೇ ಅಲ್ಲ. ಹೇಗೆ ಹೇಳಲಿ?" ಗುರುಗಳು ಎದ್ದು ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡರು. ದೋಣಿ ದಡಕ್ಕೆ ಬಂದಿತ್ತು. ಅಂಗಳದಲ್ಲಿದ್ದವರು ಗಂಟುಗಳನ್ನು ಎತ್ತಿಕೊಂಡರು.

"ಬೆಳಗಿನಿಂದ ಎಲ್ಲರನ್ನೂ ಬನ್ನಿ ಬನ್ನಿ ಎಂದು ಕರೆದೆಯಲ್ಲ ಮಗು, ಆ ಬೋಧಕರು ಹೇಳಿದ್ದೇನು ಅಂತ ಒಬ್ಬರಿಗಾದರೂ ಹೇಳಿದೆಯಾ?"

ದೋಣಿಯವನು ಕೂಗಿದ. ಮರಿಸಿದ್ದ ತನ್ನ ಗಂಟನ್ನು ಮತ್ತೆ ಅಂಗಳದಲ್ಲಿಟ್ಟ.