ಒಣಗಾಲಿನ ಏರಿ

ಸ್ವಲ್ಪ ಹತ್ತಿರ ಬನ್ನಿ. ಇದನ್ನು ನಾನು ಹೇಳಿದೆನೆಂದು ಯಾರ ಮುಂದೆಯೂ ಬಾಯಿ ಬಿಡಕೂಡದು, ಅದರಲ್ಲೂ ಪಕ್ಕದ ಮನೆ ಜವರಮ್ಮನ ಕಿವಿಗೆ ಇನ್ನೊಮ್ಮೆ ಬೀಳಲೇಕೂಡದು. ನಾನು ಓದಿರುವುದು ಎರಡನೇ ಕ್ಲಾಸು. ಆದರೂ ನಮ್ಮ ಮಾವಿನಕುಂಟೆ ಕೆರೆಯ ಏರಿಗೆ ಒಣಗಾಲಿನ ಏರಿ ಎಂಬ ಹೆಸರು ಹೇಗೆ ಬಂತೆಂದು ನನ್ನಷ್ಟು ಬಲ್ಲವರು ಈ ಸೀಮೆಯಲ್ಲಿಲ್ಲ. ಈಗ ಹೋಗಿ ನೋಡಿದರೆ ಏರಿ ಊರ ಕಡೆಯಿಂದ ನೆಟ್ಟಗೆ ಸಾಗಿ, ತೂಬು ದಾಟಿದ ಮೇಲೆ ಕುಡುಗೋಲಿನಂತೆ ಬಾಗುತ್ತದೆ. ಏರಿಯ ಮೇಲೆ ಒಂದು ಗಿಡವೂ ಇಲ್ಲ. ಬೇರು ನೀರಿಗೆ ದಾರಿ ತೋರಿಸುತ್ತದೆಂದು ಕಿತ್ತು ಹಾಕುತ್ತೇವೆ. ಕೆಳಗೆ ಇಪ್ಪತ್ತು ಮಾರು ದೂರದಲ್ಲಿ ಒಂದು ಹುಣಸೆ ಮರ, ಮರದಡಿ ಒಂದು ಚಪ್ಪಡಿ, ಚಪ್ಪಡಿಯ ಮೇಲೆ ಒಲೆಯ ಬೂದಿ. ಹೊಸಬರು ದೇವರ ಕಲ್ಲೆಂದು ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ. ಮುಗಿಯಲಿ ಬಿಡಿ. ಅಲ್ಲಿ ನಡೆದದ್ದು ಗೊತ್ತಾದರೆ ಮುಗಿದ ಕೈಯನ್ನು ತೊಳೆದುಕೊಂಡಾರು.

ಹಿಂದೆ ಒಮ್ಮೆ, ಯಾವ ಪಾಳೆಯಗಾರನ ಕಾಲವೋ ಏನೋ, ಈ ಕೆರೆಗೆ ಗಿರಿಯ ಎಂಬವನು ನೀರುಗಂಟಿಯಾಗಿದ್ದನು. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ಅವನ ಕೆಲಸ. ಏರಿ ಕಾಯುವುದು ಹೆಂಗಸರ ಕೆಲಸ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದ ಮೇಲೆ, ಇಬ್ಬನಿಯೂ ಆರಿದ ಹೊತ್ತಿನಲ್ಲಿ, ಸರದಿಯ ಮೇಲೆ ಇಬ್ಬರು ಹೆಂಗಸರು ಏರಿಯ ಹೊರಬುಡದಲ್ಲಿ ಬರಿಗಾಲಲ್ಲಿ ನಡೆದು ಬರಬೇಕು. ಕಣ್ಣಿಗೆ ಕಾಣದ ಜಿನುಗು ಅಂಗಾಲಿಗೆ ತಿಳಿಯುತ್ತದೆ. ಕೊನೆಗೆ ಊರ ಹಿರಿಯರೆದುರು ಆ ಚಪ್ಪಡಿಯ ಬೂದಿಯನ್ನು ತುಳಿಯಬೇಕು. ಕಾಲು ಒದ್ದೆಯಾಗಿದ್ದರೆ ಬೂದಿ ಮೆತ್ತಿಕೊಂಡು ಕಲ್ಲಿನ ಮೇಲೆ ಹೆಜ್ಜೆ ಮೂಡುತ್ತದೆ. ಇಬ್ಬರ ಹೆಜ್ಜೆಯೂ ಮೂಡಿದರೆ ಮಾತ್ರ ತೂಬು ಎತ್ತಿ ಕೆರೆ ಇಳಿಸುವುದು, ಏರಿಯ ಗಾಯ ಕಟ್ಟುವುದು. ಒಬ್ಬಳದೇ ಮೂಡಿದರೆ ಅವಳು ಎಲ್ಲೋ ಕೊಚ್ಚೆ ತುಳಿದಿದ್ದಾಳೆಂದು ಲೆಕ್ಕ. ಕೆರೆ ಇಳಿಸಿದರೆ ಗದ್ದೆಗೆ ನೀರಿಲ್ಲ, ಒಬ್ಬಳ ಮಾತಿಗೆ ಊರಿನ ಬೆಳೆ ಕಳೆದುಕೊಳ್ಳುವುದಕ್ಕಾಗುತ್ತದೆಯೇ ಎನ್ನುತ್ತಿದ್ದರು.

ಆ ವರ್ಷ ಕೆರೆ ತುಂಬಿ ಕೋಡಿ ಬಿದ್ದಿತ್ತು, ಭತ್ತ ತೆನೆ ಕಟ್ಟುತ್ತಿತ್ತು. ಸರದಿ ಬಂದದ್ದು ಗಿರಿಯನ ಹೆಂಡತಿ ಕೆಂಚಮ್ಮನಿಗೆ ಮತ್ತು ಅವಳ ಪಕ್ಕದ ಮನೆಯ ಚೆಲುವಮ್ಮನಿಗೆ. ಇಬ್ಬರೂ ಒಂದೇ ಒಲೆಯಿಂದ ಕೆಂಡ ತಂದುಕೊಳ್ಳುತ್ತಿದ್ದವರು. ಒಬ್ಬಳ ಬಾಣಂತನ ಇನ್ನೊಬ್ಬಳು ಮಾಡಿದ್ದಳು. ತೂಬು ದಾಟುತ್ತಲೇ ಇಬ್ಬರ ಕಾಲೂ ಹೂತವು. ಕೆಂಚಮ್ಮ ನೋಡುತ್ತಾಳೆ: ಏರಿಯ ಬುಡದಲ್ಲಿ ಆಳುದ್ದ ಗುಂಡಿ, ಮೇಲೆ ಮುಳ್ಳು ಹೇರಿದೆ. ಹೊಸ ಮನೆಯ ಗೋಡೆಗೆಂದು ಚೆಲುವಮ್ಮನ ಗಂಡ ಬೋರಯ್ಯನೇ ಆ ಮಣ್ಣು ಕದ್ದಿದ್ದ. ಏರಿಯ ಬುಡ ಅಗೆದವನನ್ನು ಊರಿನಿಂದ ಹೊರಗೆ ಹಾಕುತ್ತಿದ್ದ ಕಾಲ. ಚೆಲುವಮ್ಮ ಕಾಲಿಗೆ ಬಿದ್ದಳು.

“ಅಕ್ಕಾ, ಗುಂಡಿ ಮಾತು ಎತ್ತಬೇಡ ಕಣಕ್ಕ. ಮಕ್ಕಳು ಬೀದಿಗೆ ಬೀಳ್ತವೆ.”

“ಗುಂಡಿ ನನ್ನ ಹೊಟ್ಟೇಲಿರಲಿ, ಏಳು. ಜಿನುಗು ಮಾತ್ರ ಬೂದಿಗೆ ಗೊತ್ತಾಗಲಿ. ಇವತ್ತೇ ತೂಬು ಎತ್ತಿಸೋಣ, ಗುಂಡಿ ನಾವೇ ಮುಚ್ಚೋಣ,” ಎಂದಳು ಕೆಂಚಮ್ಮ.

ಕೆರೆ ಇಳಿದರೆ ಜನ ಜಿನುಗು ಹುಡುಕಿಕೊಂಡು ಬುಡಕ್ಕೆ ಬಂದೇ ಬರುತ್ತಾರಲ್ಲ! ಅದನ್ನು ಚೆಲುವಮ್ಮ ಯೋಚಿಸಿದಳು, ಪೆದ್ದಿ ಕೆಂಚಮ್ಮ ಯೋಚಿಸಲಿಲ್ಲ. ಕೆಂಚಮ್ಮ ಮುಂದೆ ಹೋಗಿ ಬೂದಿ ತುಳಿದಳು. ಹೆಜ್ಜೆ ಅಚ್ಚೊತ್ತಿದಂತೆ ಮೂಡಿತು, ಹಿರಿಯರ ಕಣ್ಣೆಲ್ಲ ಅದರ ಮೇಲೆ. ಅವಳು ಬೆನ್ನು ತಿರುಗಿಸಿದ್ದ ಆ ಗಳಿಗೆಯಲ್ಲೇ ಹಿಂದಿದ್ದ ಚೆಲುವಮ್ಮ ಸೆರಗಿನಿಂದ ಒಂದೊಂದೇ ಪಾದವನ್ನು, ಬೆರಳ ಸಂದಿಯನ್ನೂ ಬಿಡದೆ, ಒರೆಸಿಕೊಂಡಳು. ನಾನು ಕಟ್ಟಿ ಹೇಳುತ್ತಿಲ್ಲ. ಮರದ ಹಿಂದೆ ಒಣಕಡ್ಡಿ ಆಯುತ್ತಿದ್ದ ನಮ್ಮ ಮನೆಯ ಹಿರಿಯಜ್ಜಿ ಕಣ್ಣಾರೆ ಕಂಡದ್ದು. ಚೆಲುವಮ್ಮ ಕಲ್ಲಿನ ಮೇಲೆ ಹತ್ತಿ ಇಳಿದಳು; ಬೂದಿ ಹಾಗೇ ಇತ್ತು. “ನಂದು ಒಣಗಾಲು. ಅಕ್ಕ ಎಲ್ಲಿ ತುಳಿದಳೋ ನನಗೇನು ಗೊತ್ತು,” ಎಂದಳಂತೆ. ಹಿರಿಯರಿಗೂ ತೆನೆಯ ಆಸೆ. ಆ ಮಾತು ಪಾಯಸದಂತೆ ಇಳಿಯಿತು. “ನೀರುಗಂಟಿ ಹೆಂಡತಿಗೆ ದಿನಾ ತೂಬು ಎತ್ತೋ ಚಟ,” ಎಂದು ನಕ್ಕು ಎದ್ದುಹೋದರು.

ಕೆಂಚಮ್ಮ ಆಗಲಾದರೂ ಗುಂಡಿಯ ಮಾತು ಎತ್ತಬಹುದಿತ್ತು. ಎತ್ತಲಿಲ್ಲ, ಕೊಟ್ಟ ಮಾತಲ್ಲವೇ. ಗಂಡನೊಬ್ಬನಿಗೆ ಹೇಳಿದಳು. ಗಂಡಹೆಂಡಿರಿಬ್ಬರೇ ಮೂರು ದಿನ ಮಂಕರಿಯಲ್ಲಿ ಮಣ್ಣು ಹೊತ್ತು ಸುರಿದರು. ಚೆಲುವಮ್ಮ ತನ್ನ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಾ ನೋಡಿದಳು. ನಾಲ್ಕನೆಯ ದಿನ ನಡುಮಧ್ಯಾಹ್ನ ಕೆಂಚಮ್ಮ ಮಂಕರಿ ತುಂಬಿಕೊಳ್ಳಲು ಆಚೆ ಹೋಗಿದ್ದಾಗ ಏರಿ ಕುಸಿಯಿತು. ಗುಂಡಿಯೊಳಗೆ ನಿಂತು ಮಣ್ಣು ತುಳಿಯುತ್ತಿದ್ದ ಗಿರಿಯನ ಹೆಣವೂ ಸಿಕ್ಕಲಿಲ್ಲ. ಊರ ಭತ್ತವೆಲ್ಲ ಕೊಚ್ಚಿಹೋಯಿತು. ದಿಬ್ಬದ ಮೇಲಿದ್ದ ಬೋರಯ್ಯನ ಹೊಸ ಗೋಡೆ ಮಾತ್ರ ಬಿರುಕೂ ಬಿಡದೆ ನಿಂತಿತ್ತು ಎನ್ನುತ್ತಾರೆ. ಸೆರಗಿನ ಸಂಗತಿಯನ್ನು ನಮ್ಮ ಹಿರಿಯಜ್ಜಿ ಊರಿಗೆ ಹೇಳಿದ್ದು ಆಮೇಲೆ.

ಮರುವರ್ಷ ಒಡೆದ ಜಾಗವನ್ನು ಬಿಟ್ಟು ಸುತ್ತು ಬಳಸಿ ಹೊಸ ಏರಿ ಕಟ್ಟಿದರು. ನೀವು ನೋಡುವ ಬಾಗು ಅದೇ. ನೀರುಗಂಟಿಯ ಹೆಸರಿಡೋಣವೆಂದು ಹಿರಿಯರು ಕೆಂಚಮ್ಮನ ಬಾಗಿಲಿಗೆ ಹೋದರು. “ಅವರ ಹೆಸರು ಬೇಡ. ಒಣಗಾಲಿನ ಏರಿ ಅಂತ ಕರೀರಿ. ಕರೆದಾಗೆಲ್ಲ ಪಕ್ಕದ ಮನೆಗೆ ಕೇಳಲಿ,” ಎಂದಳಂತೆ. ಅಲ್ಲಿಂದ ಸಾಯುವವರೆಗೂ ಅವಳು ಆ ಮನೆಯ ಕೆಂಡ ಮುಟ್ಟಲಿಲ್ಲ.

ಇವತ್ತಿಗೂ ಸರದಿಯವರು ಬೂದಿ ತುಳಿಯುತ್ತೇವೆ. ತುಳಿಯುವ ಮೊದಲು ಸೆರಗನ್ನು ತಲೆಗೆ ಸುತ್ತಿ ಕಟ್ಟುತ್ತೇವೆ. ಏಕೆಂದು ನೋಡಲು ಬಂದವರಿಗೆ ಅರ್ಥವಾಗುವುದಿಲ್ಲ. ಹೋದ ವಾರ ಹಾಗೆ ಬಂದ ನಾಲ್ಕು ಜನಕ್ಕೆ ನಾನು ಗುಟ್ಟಾಗಿ ಇದನ್ನು ಹೇಳುತ್ತಿದ್ದೆ. ಮರದ ಆಚೆ ಹುಲ್ಲು ಕೊಯ್ಯುತ್ತಿದ್ದಳು ಜವರಮ್ಮ, ಆ ಚೆಲುವಮ್ಮನ ವಂಶದವಳೇ. ನಲವತ್ತು ವರ್ಷ ನನ್ನ ಮನೆಯ ಮಜ್ಜಿಗೆ ಕುಡಿದವಳು, ಹೊರೆಯನ್ನು ಕೆಳಗೆ ಹಾಕಿ ನೇರ ನನ್ನೆದುರು ಬಂದು ನಿಂತಳು.

“ನಮ್ಮಜ್ಜಿ ಕಾಲು ಒರೆಸಿಕೊಂಡಳು, ಹೌದು ಕಣಕ್ಕ,” ಎಂದಳು. “ಮರದ ಹಿಂದೆ ನಿಂತು ನೋಡಿದ ನಿಮ್ಮಜ್ಜಿ ಆವತ್ತೇ ಒಂದು ಕೂಗು ಹಾಕಿದ್ದರೆ ಗಿರಿಯ ಉಳೀತಿದ್ದ. ನಿಮ್ಮ ಮನೆಯವರು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ, ನೋಡು.”