ಪಟ್ಟೆಮೀನಿನ ಮುಳ್ಳು

ಹೊಳೆದಂಡೆಯ ಒಂದು ಊರಿನಲ್ಲಿ ತಿಮ್ಮವ್ವ ಎಂಬ ಮುದುಕಿಯಿದ್ದಳು. ಅವಳ ಮಗ ಯಂಕೋಬ, ಸೊಸೆ ಹುಲಿಗೆವ್ವ. ಒಂದು ದಿನ ಮಡುವಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹುಲಿಗೆವ್ವ ಚಿಟ್ಟನೆ ಚೀರಿದಳು. ಅಂಗೈಯಲ್ಲಿ ರಕ್ತ. ಬೆರಳುದ್ದದ ಪಟ್ಟೆಮೀನೊಂದು ಒದ್ದೆ ಸೀರೆಯಿಂದ ಜಾರಿ ನೀರಿಗೆ ಬಿದ್ದದ್ದಷ್ಟೇ ಅವಳಿಗೆ ಕಂಡಿತು.

ಮರುದಿನ ಕೈ ಮೊಣಕೈವರೆಗೂ ಊದಿತು. ಜ್ವರ ಏರಿತು. ಆಸ್ಪತ್ರೆಯ ಡಾಕ್ಟರಮ್ಮ, "ಮೀನು ಕಚ್ಚಿತೋ, ಚುಚ್ಚಿತೋ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಆ ಮೀನು ವಿಷದ್ದಂತೆ ಎಂದು ಊರೆಲ್ಲ ಸುದ್ದಿಯಾಯಿತು. ಮಡುವಿನ ತುಂಬ ಪಟ್ಟೆಮೀನುಗಳೇ. ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿದರು. ನೀರಿಗೆ ಹೋದ ಹೆಂಗಸರು ಖಾಲಿ ಕೊಡ ಹೊತ್ತು ಹಿಂದಿರುಗಿದರು. ಯಂಕೋಬ ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿ ಎತ್ತಿಕೊಂಡು ಮಡುವಿಗೆ ನಡೆದ. ತಿಮ್ಮವ್ವ ಬುಟ್ಟಿ, ಪಾತ್ರೆ ಹಿಡಿದು ಹಿಂದೆಯೇ ಓಡಿದಳು.

"ಎಲ್ಲಾ ಸಾಯಲಿ ಅವ್ವ. ಅವಳ ಕೈ ನೋಡಿದೆಯಲ್ಲ."

"ನೋಡೀನಪ್ಪ. ನನಗೂ ಎದೆ ಹೊಡ್ಕೊಳ್ಳಾಕ ಹತ್ತೈತಿ. ಆದ್ರ ಚುಚ್ಚಿದ್ದು ಯಾವುದಂತ ತಿಳೀಲಿಲ್ಲಂದ್ರ ಡಾಕ್ಟರಮ್ಮಗ ಏನ್ ಹೇಳೋಣ?"

ಯಂಕೋಬ ಡಬ್ಬಿಯನ್ನು ದಡದಲ್ಲಿಟ್ಟ. ತಿಮ್ಮವ್ವ ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಬುಟ್ಟಿಯಿಂದ ಒಂದಿಷ್ಟು ಮೀನು ಗೋರಿ ತಂದು ಪಾತ್ರೆಗೆ ಹಾಕಿದಳು. ಮೇಲಿನಿಂದ ಎಲ್ಲವೂ ಒಂದೇ ಥರ ಕಂಡವು. ಕಡ್ಡಿಯಿಂದ ಹೊರಳಿಸಿದಾಗ ಬೇರೆ ಬೇರೆಯೆಂದು ತಿಳಿಯಿತು. ಹೆಚ್ಚಿನವಕ್ಕೆ ಮೈಮೇಲೆ ಹುರುಪೆಯಿತ್ತು, ಮೀಸೆಯಿರಲಿಲ್ಲ, ಮುಳ್ಳೂ ಇರಲಿಲ್ಲ. ಒಂದಕ್ಕೆ ಮಾತ್ರ ಮೈ ನುಣ್ಣಗಿತ್ತು, ಉದ್ದ ಮೀಸೆಯಿತ್ತು. ಕಿವಿರಿನ ಪಕ್ಕ ಗರಗಸದಂಥ ಮುಳ್ಳು ಎದ್ದು ನಿಂತಿತ್ತು.

ತಿಮ್ಮವ್ವ ಆ ಮೀನನ್ನು ಪಾತ್ರೆ ಸಮೇತ ಆಸ್ಪತ್ರೆಗೆ ಒಯ್ದಳು. ಡಾಕ್ಟರಮ್ಮ ಮುಳ್ಳನ್ನು ನೋಡಿ, "ಇಂಥದೇ ಮುಳ್ಳಿನ ಚೂರು ಕೈಯೊಳಗೆ ಮುರಿದಿರಬೇಕು" ಎಂದರು. ಹುಲಿಗೆವ್ವಳ ಗಾಯ ಬಿಡಿಸಿದಾಗ ಮುಳ್ಳಿನ ತುದಿ ಸಿಕ್ಕಿತು. ಎರಡು ದಿನದಲ್ಲಿ ಜ್ವರ ಇಳಿಯಿತು, ಬಾವೂ ಇಳಿಯತೊಡಗಿತು.

ಮನೆಗೆ ಬಂದ ಹುಲಿಗೆವ್ವ, "ಕುಡಿಯಾಕ ಒಂದೀಟು ನೀರು ಕೊಡ್ರಿ" ಎಂದಳು. ಕೊಡ ಖಾಲಿಯಿತ್ತು. ಯಂಕೋಬ ಮಡುವಿಗೆ ಹೋದ. ಕೊಡ ತುಂಬುವಾಗ, ಅಂದು ತಾನು ಔಷಧಿ ಸುರಿಯಲು ಹೊರಟದ್ದು ಈ ನೀರಿಗೇ ಅಲ್ಲವೇ ಎಂದು ಅವನಿಗೆ ನೆನಪಾಯಿತು.

ನೀತಿ: ಹೆದರಿಕೆಯಾದಾಗ ಮೊದಲು ಸರಿಯಾಗಿ ನೋಡಿ ತಿಳಿಯಬೇಕು. ತಿಳಿಯದೆ ಎಲ್ಲವನ್ನೂ ಅಳಿಸಹೊರಟರೆ ರೋಗವೂ ವಾಸಿಯಾಗದು, ನಮ್ಮ ಕುಡಿಯುವ ನೀರೂ ಉಳಿಯದು.