ಮುದುಕಪ್ಪನ ಹಲ್ಲಿನ ಅಂಟು

"ಮತ್ತ ಬಂದ್ಯಾ! ಒಂದು ರೊಟ್ಟಿ ನೆಟ್ಟಗ ಬಡಿಯಾಕ ಬಿಡೂದಿಲ್ಲ. ಹಂಚು ಕಾಯೂದೇ ತಡ, 'ಅವ್ವಾ' ಅಂತ ಬಂದು ನಿಂದರ್ತಿ!"

ಶಂಕ್ರವ್ವ ಹೀಗೆ ಬೈದದ್ದು ತನ್ನ ಒಬ್ಬನೇ ಮಗ ಮುದುಕಪ್ಪನನ್ನು. ಹೆಸರಿಗೆ ಮುದುಕಪ್ಪ, ಮುಖದ ಮೇಲೆ ಮೀಸೆ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವನನ್ನು ನೋಡಲು ಬಂದಿದ್ದ ಹೆಣ್ಣಿನ ಕಡೆಯವರು ಬಾಯಿಯ ವಾಸನೆಗೆ ಸೆರಗು, ಟವೆಲ್ಲು ಮೂಗಿಗೆ ಹಿಡಿದು ಎದ್ದು ಹೋಗಿದ್ದರು. ಈಗ ಇನ್ನೊಂದು ಮನೆಯವರು ಬರಲು ಹೇಳಿದ್ದಾರೆ. ಇದೂ ಕೈತಪ್ಪಿದರೆ ಮಗನಿಗೆ ಮದುವೆಯೇ ಇಲ್ಲ ಎಂದು ಅವಳಿಗೆ ದಿಗಿಲು.

"ಅವ್ವಾ, ಹಲ್ಲಿನ ಮ್ಯಾಲೆ ನಾಲಿಗಿ ಆಡಿಸಿದ್ರ ಲೊಳಲೊಳ ಅಂತೈತಿ. ಏನದು?"

"ಪಾಚಿ! ಪಾತ್ರೆ ತಿಕ್ಕಿದಂಗ ತಿಕ್ಕು, ಹೋಗು!"

ಹೋದ. ಬೂದಿ ತಗೊಂಡ, ತೆಂಗಿನ ನಾರು ತಗೊಂಡ, ಗಸಗಸ ತಿಕ್ಕಿದ. ಒಸಡಿನಿಂದ ರಕ್ತ!

"ಅಯ್ಯೋ ಹುಚ್ಚಪ್ಪಾ! ಬಾಯಿ ಏನು ಬೋಗುಣಿ ಏನೋ? ಹೂವು ಮುಟ್ಟಿದಂಗ ಮೆತ್ತಗ ಮುಟ್ಟಬೇಕು!"

"ಹೂಂನವ್ವಾ."

ಮರುದಿನದಿಂದ ಬ್ರಷ್ಷನ್ನು ಹಲ್ಲಿಗೆ ಒಮ್ಮೆ ತಾಗಿಸುವುದು, ಕಣ್ಣಿಗೆ ಒತ್ತಿಕೊಳ್ಳುವುದು, ಎತ್ತಿಡುವುದು. ಪಾಚಿ ಕೂತಲ್ಲೇ ಕೂತು ಕಲ್ಲಾಯಿತು. ಒಸಡು ಊದಿತು. ಶಂಕ್ರವ್ವ ಅವನ ಕಿವಿ ಹಿಡಿದು ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದೊಯ್ದಳು.

ಡಾಕ್ಟರಮ್ಮ ಹಲ್ಲಿಗೆ ಕೆಂಪು ಬಣ್ಣ ಹಚ್ಚಿ, ಬಾಯಿ ಮುಕ್ಕಳಿಸಲು ಹೇಳಿ, ಕನ್ನಡಿ ಕೊಟ್ಟರು. ಪಾಚಿಯ ಅಂಟು ಇದ್ದಲ್ಲೆಲ್ಲ ಕೆಂಪು ನಿಂತಿತ್ತು.

"ನೋಡಪ್ಪಾ, ಇದೆಲ್ಲ ಕಣ್ಣಿಗೆ ಕಾಣದ ಹುಳದ ಗುಂಪು. ದಿನಾ ಹೊಸದಾಗಿ ಕೂರುತ್ತೆ. ನೀನು ತಿಂದ ಸಿಹಿಯನ್ನ ಅವೂ ತಿಂದು ಹುಳಿ ಬಿಡ್ತವೆ. ಆ ಹುಳಿ ಹಲ್ಲು ಕೊರೆಯುತ್ತೆ. ಉಜ್ಜದೆ ಬಿಟ್ಟರೆ ಅಂಟು ಕಲ್ಲಾಗುತ್ತೆ. ಆಮೇಲೆ ಬ್ರಷ್ಷಿಗೆ ಬರಲ್ಲ, ನಾನೇ ಕೆರೆದು ತೆಗೀಬೇಕು."

ಮುದುಕಪ್ಪ ಕನ್ನಡಿ ಬಿಡಲಿಲ್ಲ. "ಇಷ್ಟು ಮಂದಿ ನನ್ನ ಬಾಯಾಗ ಅದಾರಾ! ನಾ ಮಲಗಿದಾಗ ಅವೂ ಮಲಗ್ತಾವೇನ್ರೀ?"

"ಎಲ್ಲಿಯ ನಿದ್ದೆ! ರಾತ್ರಿ ಬಾಯಿ ಒಣಗುತ್ತಲ್ಲ, ಅವಕ್ಕೆ ಅದೇ ಸುಗ್ಗಿ. ಉಜ್ಜಿಯೇ ಮಲಗಬೇಕು. ಅವಕ್ಕೆ ಸಿಹಿ ಸಿಗದ ಹಾಗೆ ನೋಡಿಕೋ."

ಕಲ್ಲು ಕೆರೆದು, ಈ ಹುಳ ಎಲ್ಲಿಂದ ಬಂದವು ಎಂದು ಅವನು ಕೇಳಿದ್ದಕ್ಕೂ ಉತ್ತರ ಹೇಳಿ ಕಳಿಸಿದರು. ಮನೆಗೆ ಬಂದವನೇ ಮುದುಕಪ್ಪ ಬೆಲ್ಲದ ಉಂಡೆಯನ್ನು ಹಲ್ಲಿಗೆ ತಾಗಿಸದೆ ಇಡಿಯಾಗಿ ನುಂಗಿದ. ಗಂಟಲಲ್ಲಿ ಸಿಕ್ಕಿತು! ಕಣ್ಣು ಮೇಲಾಯಿತು! ಅವ್ವ ಬೆನ್ನಿಗೆ ಗುದ್ದಿದಾಗ ಉಂಡೆ ಅಂಗಳಕ್ಕೆ ಹಾರಿತು.

"ಸಾಯ್ತಿದ್ಯಲ್ಲೋ! ಸಿಹಿ ಬಾಯಿಗೆ ಬಿತ್ತು ಅಂದ್ರ ನೀರು ಹಾಕಿ ಮುಕ್ಕಳಿಸಿ ಉಗುಳಬೇಕು, ತಿಳೀತಾ?"

"ತಿಳೀತವ್ವಾ."

ಹೆಣ್ಣಿನ ಮನೆಗೆ ಹೋದರು. ಈ ಸಲ ವಾಸನೆ ಇಲ್ಲ, ಯಾರೂ ಮೂಗು ಮುಚ್ಚಲಿಲ್ಲ. ಹುಡುಗಿ ಕಸ್ತೂರಿ ಒಪ್ಪಿದಳು. ಸಂಬಂಧ ಗಟ್ಟಿ ಎನ್ನಲು ಹೆಣ್ಣಿನ ತಂದೆ ಹುಡುಗನ ಬಾಯಿಗೆ ಸಕ್ಕರೆ ಹಾಕಬೇಕು, ಅದು ಪದ್ಧತಿ. ತಂದೆ ಫಕೀರಪ್ಪ ಸಕ್ಕರೆ ಹಾಕಿದ. ಮುದುಕಪ್ಪ ಪಕ್ಕದ ತಂಬಿಗೆ ಎತ್ತಿದ, ಗಳಗಳ ಮುಕ್ಕಳಿಸಿದ, ಹಿರಿಯರ ಮುಂದೆಯೇ ಥೂ!

ಕೂತವರೆಲ್ಲ ಎದ್ದರು. "ನಮ್ಮ ಸಕ್ಕರೀನ ಉಗುಳಿದ್ನಲ್ಲ!"

ಶಂಕ್ರವ್ವ ಮಗನ ತೊಡೆ ಚಿವುಟಿದಳು. "ಬಾಯಿ ಮುಚ್ಚು! ಹಿರಿಯರು ಕೇಳಿದ್ದಕ್ಕಷ್ಟ, ಇದ್ದದ್ದು ಇದ್ದಂಗ ಹೇಳು!"

"ಯಾಕಪಾ ಉಗುಳಿದಿ?" ಎಂದ ಫಕೀರಪ್ಪ.

"ಬಾಯಾಗ ಹುಳ ಅದಾವ್ರೀ ಮಾವಾರ. ಸಕ್ಕರಿ ಕೊಟ್ರ ಹಲ್ಲು ಕೊರೀತಾವ."

"ಹುಳಾ? ಎಲ್ಲಿಂದ ಬಂದಾವ?"

"ನಮ್ಮವ್ವನ ಬಾಯಿಂದ್ರೀ! ನಾ ಸಣ್ಣವಿದ್ದಾಗ ಅನ್ನ ಅಗಿದಗಿದು ತಿನಿಸ್ಯಾಳ. ಹಂಗ ದಾಟ್ತಾವಂತ ಡಾಕ್ಟರಮ್ಮ ಹೇಳ್ಯಾರ."

ಎಲ್ಲರೂ ಶಂಕ್ರವ್ವನ ಬಾಯಿಯನ್ನೇ ನೋಡಿದರು. ಬಾಗಿಲ ಮರೆಯಲ್ಲಿ ಕಿಸಕ್ಕೆಂದು ನಗು. ಕಸ್ತೂರಿ ಸಕ್ಕರೆ ಬಟ್ಟಲು ಹಿಡಿದು ಹೊರಗೆ ಬಂದಳು, ನೇರ ಶಂಕ್ರವ್ವನ ಮುಂದೆ ನಿಂತಳು. ಎಂಥವರ ಬಾಯನ್ನೂ ಮುಚ್ಚಿಸುವ ಶಂಕ್ರವ್ವ ಸೆರಗಿನಿಂದ ತನ್ನ ಬಾಯಿ ಮುಚ್ಚಿಕೊಂಡಳು. ಹುಡುಗಿ ಕೇಳಿದ್ದು ಇಷ್ಟೇ:

"ಅತ್ತೀ, ನೀವು ದಿನಾ ರಾತ್ರಿ ಹಲ್ಲು ತಿಕ್ಕೇ ಮಲಗ್ತೀರೇನ್ರೀ?"